ಕಿಡ್ನ್ಯಾಪ್ ಎಂಬ ಪದದ ಹಿಂದಿನ ದಂಧೆ

ಕಿಡ್ನ್ಯಾಪ್ ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಬೀದಿಮಾತು. ಕಿಡ್ ಎಂದರೆ ಮೂಲದಲ್ಲಿ ಆಡಿನ ಮರಿ. ಆ ಹೊತ್ತಿಗಾಗಲೇ ಆಡುಮಾತಿನಲ್ಲಿ ಸಣ್ಣ ಮಕ್ಕಳನ್ನೂ ಹಾಗೆ ಕರೆಯುವ ರೂಢಿ ಬಂದಿತ್ತು. ನ್ಯಾಪ್ ಎಂದರೆ ಗಬಕ್ಕನೆ ಹಿಡಿಯುವುದು, ಕಸಿದುಕೊಳ್ಳುವುದು. ಕಳ್ಳರ ಭಾಷೆಯ ಈ ಎರಡು ಮಾತು ಕೂಡಿ ಆದ ಪದ ಬರಹದಲ್ಲಿ ಮೊದಲು ಕಾಣಿಸುವುದು ‘ಕಿಡ್ನ್ಯಾಪರ್’ ಎಂಬ ರೂಪದಲ್ಲಿ, ಸುಮಾರು 1670ರ ದಶಕದಲ್ಲಿ. ‘ಕಿಡ್ನ್ಯಾಪ್ ಮಾಡು’ ಎಂಬ ಕ್ರಿಯಾಪದ ಬಂದದ್ದು ಆಮೇಲೆ, 1680ರ ದಶಕದಲ್ಲಿ. ಮೊದಲು ಹೆಸರು ಸಿಕ್ಕಿದ್ದು ಕೆಲಸಕ್ಕಲ್ಲ, ಕೆಲಸದವನಿಗೆ. ಕುಂಬಾರ, ಕಮ್ಮಾರ ಎಂದು ಗುರುತಿಸುವಂತೆ ಜನ ಅವನನ್ನು ಕಸುಬಿನಿಂದ ಗುರುತಿಸುತ್ತಿದ್ದರು. ಮಕ್ಕಳನ್ನು ಹಿಡಿದು ಮಾರುವುದು ಆಗ ನಿಜಕ್ಕೂ ಒಂದು ಕಸುಬಾಗಿತ್ತು. ಅದಕ್ಕೆ ದಲ್ಲಾಳಿಗಳಿದ್ದರು, ಗೋದಾಮುಗಳಿದ್ದವು, ಹಡಗುಗಳಿದ್ದವು, ಲೆಕ್ಕದ ಪುಸ್ತಕಗಳೂ ಇದ್ದವು.

ಒತ್ತೆಹಣದ ಮಾತು ಈ ದಂಧೆಯಲ್ಲಿ ಇರಲಿಲ್ಲ. ಬೀದಿಯಲ್ಲಿ ಆಡುವ ಬಡವರ ಮಗುವಿನ ಹೆತ್ತವರಿಂದ ಹಣ ಕೀಳುವ ಯೋಚನೆ ಯಾರಿಗೂ ಬರುವಂತಿರಲಿಲ್ಲ. ಬೇಕಾಗಿದ್ದದ್ದು ಮಗುವಿನ ದುಡಿಮೆ. 1607ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಇಂಗ್ಲಿಷರು ನೆಲೆಯೂರಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ತಂಬಾಕಿನ ಬೇಸಾಯ ಲಾಭ ತಂದಿತು. ನೆಲ ಬೇಕಾದಷ್ಟಿತ್ತು, ಕೈಗಳಿರಲಿಲ್ಲ. ಬಂದವರಲ್ಲಿ ಬಹಳ ಮಂದಿ ಜ್ವರ, ಹಸಿವುಗಳಿಗೆ ಬಲಿಯಾಗುತ್ತಿದ್ದುದರಿಂದ ಆಳುಗಳ ಬೇಡಿಕೆ ತಗ್ಗುತ್ತಲೇ ಇರಲಿಲ್ಲ. 1618ರಲ್ಲಿ ವರ್ಜೀನಿಯಾ ಕಂಪನಿ ಒಂದು ಏರ್ಪಾಡು ಮಾಡಿತು. ತನ್ನ ಖರ್ಚಿನಲ್ಲಿ ಒಬ್ಬ ಮನುಷ್ಯನನ್ನು ಸಾಗರ ದಾಟಿಸಿ ತಂದವನಿಗೆ ತಲೆಗೆ 50 ಎಕರೆ ಭೂಮಿ. ಬಂದವನು ಪ್ರಯಾಣದ ಸಾಲ ತೀರುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಏಳು ವರ್ಷ, ಕೂಲಿಯಿಲ್ಲದೆ ದುಡಿಯಬೇಕು. ಮಕ್ಕಳಾದರೆ ಪ್ರಾಯಕ್ಕೆ ಬರುವವರೆಗೂ ದುಡಿಯಬೇಕು. ಕರಾರುಪತ್ರವನ್ನು ಒಬ್ಬ ಒಡೆಯ ಇನ್ನೊಬ್ಬನಿಗೆ ಮಾರಬಹುದಿತ್ತು. ಚಿಕ್ಕ ಮಗು ಅಂದರೆ ಹೆಚ್ಚು ವರ್ಷಗಳ ದುಡಿಮೆ. ಈ ಲೆಕ್ಕಾಚಾರವೇ ಮಕ್ಕಳ ಕಳ್ಳತನಕ್ಕೆ ದಾರಿಯಾಯಿತು.

ಮೊದಲು ಕೈಹಾಕಿದ್ದು ಕಳ್ಳರಲ್ಲ, ಆಳುವವರು. 1619ರಲ್ಲಿ ಲಂಡನ್ ನಗರಾಡಳಿತ ಕಂಪನಿಯೊಂದಿಗೆ ಮಾತಾಡಿಕೊಂಡು ಬೀದಿಪಾಲಾಗಿದ್ದ ಸುಮಾರು 100 ಮಕ್ಕಳನ್ನು ವರ್ಜೀನಿಯಾಕ್ಕೆ ಕಳಿಸಿತು. ಮರುವರ್ಷ ಇನ್ನೊಂದು ತಂಡವನ್ನು ಸಾಗಿಸಲು ಹೊರಟಾಗ ಕೆಲವು ಮಕ್ಕಳು ಹೋಗುವುದಿಲ್ಲ ಎಂದು ಪಟ್ಟುಹಿಡಿದರು. ಆಗ ರಾಜನ ಪ್ರೀವಿ ಕೌನ್ಸಿಲ್ ಮಧ್ಯೆ ಬಂದು, ಒಪ್ಪದವರನ್ನೂ ಬಲವಂತವಾಗಿ ಹಡಗಿಗೆ ಹತ್ತಿಸಲು ಅಧಿಕಾರ ಕೊಟ್ಟಿತು. ಬಡಮಕ್ಕಳ ಉದ್ಧಾರ ಎಂಬ ಹೆಸರು ಈ ಕೆಲಸಕ್ಕಿತ್ತು. ಹಾಗೆ ಹೋದವರಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಸರ್ಕಾರ ಹಾಕಿದ ಈ ಹಾದಿಯಲ್ಲೇ ಖಾಸಗಿ ದಲ್ಲಾಳಿಗಳು ನಡೆದರು.

ಲಂಡನ್, ಬ್ರಿಸ್ಟಲ್ ಬಂದರುಗಳಲ್ಲಿ ಈ ದಲ್ಲಾಳಿಗಳಿಗೆ ಮೊದಲಿದ್ದ ಹೆಸರು ‘ಸ್ಪಿರಿಟ್’. ದೆವ್ವ ಹೊತ್ತುಕೊಂಡು ಹೋದಂತೆ ಮನುಷ್ಯನನ್ನು ಸುಳಿವಿಲ್ಲದೆ ಮಾಯ ಮಾಡುವವನು ಎಂದರ್ಥ. ಮಕ್ಕಳಿಗೆ ಮಿಠಾಯಿಯ ಆಸೆ, ಹಳ್ಳಿಯಿಂದ ಕೆಲಸ ಹುಡುಕಿ ಬಂದ ಹುಡುಗರಿಗೆ ಹೆಂಡ ಮತ್ತು ಒಳ್ಳೆಯ ಸಂಬಳದ ಮಾತು, ಯಾವುದಕ್ಕೂ ಬಗ್ಗದವರಿಗೆ ಪೆಟ್ಟು. ಹಿಡಿದವರನ್ನು ಬಂದರಿನ ಹತ್ತಿರದ ಮನೆಗಳಲ್ಲಿ ಕೂಡಿಹಾಕಿ, ಹಡಗು ಹೊರಡುವ ಹೊತ್ತಿಗೆ ಸಾಗಿಸುತ್ತಿದ್ದರು. 1645ರಲ್ಲಿ ಪಾರ್ಲಿಮೆಂಟು ಮಕ್ಕಳ ಕಳ್ಳರನ್ನು ಹಿಡಿಯಬೇಕು, ಹಡಗುಗಳನ್ನು ಶೋಧಿಸಬೇಕು ಎಂದು ಆಜ್ಞೆ ಹೊರಡಿಸಿತು. 1664ರಲ್ಲಿ, ಹೊರಡುವವರು ತಮ್ಮ ಒಪ್ಪಿಗೆಯನ್ನು ಬರೆಸಲು ಒಂದು ನೋಂದಣಿ ಕಚೇರಿ ಶುರುವಾಯಿತು. 1682ರಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಕರಾರು ಮಾಡಿಕೊಳ್ಳಬೇಕೆಂಬ ನಿಯಮ ಬಂತು. ಕೊನೆಯ ಎರಡು ಕ್ರಮಗಳಿಗೆ ಒತ್ತಾಯಿಸಿದವರಲ್ಲಿ ವರ್ತಕರೂ ಇದ್ದರು ಎಂಬುದನ್ನು ಮರೆಯಬಾರದು. ಸ್ವಂತ ಇಚ್ಛೆಯಿಂದ ಬಂದವನೂ ಆಮೇಲೆ ‘ನನ್ನನ್ನು ಕದ್ದು ತಂದರು’ ಎಂದು ದೂರು ಕೊಟ್ಟಾನು ಎಂಬ ಭಯ ಅವರಿಗಿತ್ತು. ಹೀಗಾಗಿ ಮಗುವಿನ ರಕ್ಷಣೆಗಿಂತ ಸರಕಿನ ರಕ್ಷಣೆ ಈ ನಿಯಮಗಳಲ್ಲಿ ಹೆಚ್ಚು ಕಾಣುತ್ತದೆ.

ಶಿಕ್ಷೆಯ ವಿಷಯದಲ್ಲೂ ಇದೇ ಮನೋಭಾವವಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಕುದುರೆ ಕದ್ದವನಿಗೆ ನೇಣು. ಮಗುವನ್ನು ಕದ್ದವನದು ಮಾತ್ರ ಸಣ್ಣ ಅಪರಾಧ. ದಂಡ, ಕೆಲಕಾಲದ ಸೆರೆ, ಹೆಚ್ಚೆಂದರೆ ಸಂತೆಯಲ್ಲಿ ಮರದ ಚೌಕಟ್ಟಿಗೆ ಕೊರಳು ಸಿಕ್ಕಿಸಿ ನಿಲ್ಲಿಸುವುದು. ಕುದುರೆ ಯಾರದೋ ಆಸ್ತಿ, ಮಗು ಯಾರ ಆಸ್ತಿಯೂ ಅಲ್ಲ ಎಂಬ ತರ್ಕ ಇದರ ಬೆನ್ನಿಗಿತ್ತು. ಮಕ್ಕಳ ಕಳ್ಳತನವನ್ನು ಇಂಗ್ಲೆಂಡ್ ಘೋರ ಅಪರಾಧಗಳ ಸಾಲಿಗೆ ಸೇರಿಸಿದ್ದು 1814ರ ಕಾಯ್ದೆಯಿಂದ. ಪದ ಹುಟ್ಟಿ ಆಗಲೇ ನೂರು ವರ್ಷಕ್ಕೂ ಮೇಲೆ ಆಗಿತ್ತು.

ದಂಧೆಯಲ್ಲಿ ನಗರದ ದೊಡ್ಡವರೂ ಪಾಲುದಾರರಾಗಿದ್ದರು. 1685ರಲ್ಲಿ ಬ್ರಿಸ್ಟಲ್ಲಿಗೆ ಬಂದ ನ್ಯಾಯಾಧೀಶ ಜಾರ್ಜ್ ಜೆಫ್ರೀಸ್, ಅಲ್ಲಿನ ನಗರಾಧಿಕಾರಿಗಳು ಸಣ್ಣಪುಟ್ಟ ಕಳ್ಳರನ್ನು ನೇಣಿನ ಹೆದರಿಕೆ ತೋರಿಸಿ ತೋಟಗಳಿಗೆ ಹೋಗಲು ಒಪ್ಪಿಸಿ, ಹಾಗೆ ಒಪ್ಪಿದವರನ್ನು ಮಾರಿ ಹಣ ಮಾಡುತ್ತಿದ್ದುದನ್ನು ಬಯಲಿಗೆಳೆದ. ಮೇಯರನನ್ನು ಅಧಿಕಾರದ ನಿಲುವಂಗಿಯಲ್ಲೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದ. ಈ ಜೆಫ್ರೀಸ್ ಸ್ವತಃ ಕ್ರೂರಿ. ಅದೇ ವರ್ಷ ರಾಜದ್ರೋಹದ ಹೆಸರಿನಲ್ಲಿ ನೂರಾರು ಜನರನ್ನು ಗಲ್ಲಿಗೂ ವೆಸ್ಟ್ ಇಂಡೀಸಿನ ತೋಟಗಳಿಗೂ ಕಳಿಸಿದವನು. ಬಾರ್ಬಡೋಸ್ ದ್ವೀಪದ ಹೆಸರೇ ಆ ಕಾಲದ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿತ್ತು. ಒಬ್ಬನನ್ನು ‘ಬಾರ್ಬಡೋಸ್ ಮಾಡಿದರು’ ಎಂದರೆ ಬಲವಂತವಾಗಿ ಅಲ್ಲಿನ ತೋಟದ ದುಡಿಮೆಗೆ ಅಟ್ಟಿದರು ಎಂದರ್ಥ. ಎರಡು ಶತಮಾನಗಳ ಬಳಿಕ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹೀಗೇ ‘ಶಾಂಘೈ ಮಾಡು’ ಎಂಬ ಮಾತು ಬಂತು. ಕುಡಿಸಿ, ಮದ್ದು ಹಾಕಿ, ಪ್ರಜ್ಞೆ ತಪ್ಪಿದವರನ್ನು ದೂರದೇಶದ ಹಡಗಿಗೆ ನಾವಿಕರಾಗಿ ಮಾರುವ ದಂಧೆಗೆ ಅದು ಹೆಸರು.

ಈ ದಂಧೆಯ ಒಳಗುಟ್ಟು ಪೂರ್ತಿ ಬಿಚ್ಚಿಕೊಂಡದ್ದು ಸ್ಕಾಟ್ಲೆಂಡಿನ ಆಬರ್ಡೀನ್ ಬಂದರಿನ ಒಬ್ಬ ಹುಡುಗನಿಂದ. ರೈತನೊಬ್ಬನ ಮಗ ಪೀಟರ್ ವಿಲಿಯಮ್ಸನ್ ಸೋದರತ್ತೆಯ ಮನೆಯಲ್ಲಿ ಇರಲು ಊರಿಗೆ ಬಂದಿದ್ದ. 1743ರಲ್ಲಿ ಬಂದರಿನ ಬಳಿ ಆಡುತ್ತಿದ್ದಾಗ ದಲ್ಲಾಳಿಗಳ ಕೈಗೆ ಸಿಕ್ಕಿದ. ಆಗ ತನಗೆ ಎಂಟು ವರ್ಷ ಎಂದು ಅವನೇ ಬರೆದುಕೊಂಡಿದ್ದಾನೆ. ಒಂದಿಷ್ಟು ದೊಡ್ಡವನಿದ್ದಿರಬೇಕು ಎಂಬುದು ಚರಿತ್ರಕಾರರ ಅಂದಾಜು. ಬೇರೆ ಮಕ್ಕಳ ಜೊತೆ ಅವನನ್ನು ಕೂಡಿಹಾಕಿ, ಬಳಿಕ ‘ಪ್ಲಾಂಟರ್’ ಎಂಬ ಹಡಗಿಗೆ ಹತ್ತಿಸಿದರು. ಅಮೆರಿಕದ ದಡದ ಹತ್ತಿರ ಹಡಗು ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ಬದುಕಿ ಉಳಿದ ಮಕ್ಕಳನ್ನು ಫಿಲಡೆಲ್ಫಿಯಾದಲ್ಲಿ ಮಾರಿದರು. ಪೀಟರನನ್ನು 16 ಪೌಂಡಿಗೆ ಏಳು ವರ್ಷಗಳ ದುಡಿಮೆಗೆ ಕೊಂಡ ಹ್ಯೂ ವಿಲ್ಸನ್ ಕೂಡ ಚಿಕ್ಕಂದಿನಲ್ಲಿ ಸ್ಕಾಟ್ಲೆಂಡಿನಿಂದ ಕದ್ದು ತರಲ್ಪಟ್ಟವನೇ. ಅವನು ಹುಡುಗನನ್ನು ಮಗನಂತೆ ನೋಡಿಕೊಂಡ, ಓದಲು ಕಳಿಸಿದ, ಸಾಯುವಾಗ ಹಣವನ್ನೂ ಬಿಟ್ಟುಹೋದ. ಎಲ್ಲರಿಗೂ ಇಂಥ ಒಡೆಯ ಸಿಗುತ್ತಿರಲಿಲ್ಲ.

ಬೇಸಾಯ, ಯುದ್ಧ, ಸೆರೆ ಎಲ್ಲವನ್ನೂ ಕಂಡು ವಿಲಿಯಮ್ಸನ್ ಬ್ರಿಟನ್ನಿಗೆ ಮರಳಿದ. ತನ್ನ ಕಥೆಯನ್ನು 1757ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿ, ಮರುವರ್ಷ ಅದನ್ನು ಮಾರುತ್ತ ಆಬರ್ಡೀನಿಗೆ ಬಂದ. ಅಮೆರಿಕದ ಮೂಲನಿವಾಸಿಗಳ ಸೆರೆಯಲ್ಲಿದ್ದೆ ಎಂದು ಅವನು ಬರೆದ ಭಾಗವನ್ನು ಪೂರ್ತಿ ನಂಬುವಂತಿಲ್ಲ. ಆದರೆ ಊರಿನ ವರ್ತಕರು ಮಕ್ಕಳನ್ನು ಕದ್ದು ಮಾರುತ್ತಿದ್ದರು ಎಂಬ ಮಾತು ತಾಗಬೇಕಾದವರಿಗೇ ತಾಗಿತು. ನಗರದ ನ್ಯಾಯಾಧಿಕಾರಿಗಳು ಅವನ ಮೇಲೆ ಮಾನಹಾನಿಯ ಆರೋಪ ಹೊರಿಸಿದರು. ಪುಸ್ತಕಗಳನ್ನು ವಶಪಡಿಸಿಕೊಂಡು, ಆ ಪುಟಗಳನ್ನು ಹರಿಸಿ, ಸಂತೆಚೌಕದಲ್ಲಿ ನೇಣುಗಾರನ ಕೈಯಿಂದ ಸುಡಿಸಿದರು. ಅವನಿಗೆ ದಂಡ ಹಾಕಿ ಊರು ಬಿಡಿಸಿದರು.

ಅವನು ಎಡಿನ್‌ಬರೋಕ್ಕೆ ಹೋಗಿ ಮೊಕದ್ದಮೆ ಹೂಡಿದ. ವಕೀಲರು ಸಾಕ್ಷಿಗಳನ್ನು ಹುಡುಕಿ ತಂದರು. ಹೆತ್ತವರು ಹುಡುಕಿಕೊಂಡು ಬಂದರೂ ಮಕ್ಕಳನ್ನು ಬಿಟ್ಟುಕೊಡಲಿಲ್ಲ ಎಂದು ಊರವರು ಹೇಳಿದರು. ವರ್ತಕರ ಲೆಕ್ಕದ ಪುಸ್ತಕವೂ ಸಿಕ್ಕಿತು. ಮಕ್ಕಳ ಊಟಕ್ಕೆ, ಬಟ್ಟೆಗೆ, ಹಿಡಿದು ತಂದವರಿಗೆ ಆದ ಖರ್ಚನ್ನು ಅದರಲ್ಲಿ ಬರೆದಿಟ್ಟಿದ್ದರು. ಮಾರುಕಟ್ಟೆಗೆ ಹೋಗುವ ಕುರಿಮಂದೆಯ ಮೇವಿನ ಖರ್ಚು ಬರೆದ ಹಾಗೆ. 1762ರಲ್ಲಿ ಸ್ಕಾಟ್ಲೆಂಡಿನ ಸೆಷನ್ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟು, ನಗರದ ಅಧಿಕಾರಿಗಳು 100 ಪೌಂಡ್ ಪರಿಹಾರವನ್ನೂ ದಾವೆಯ ಖರ್ಚನ್ನೂ ಕೊಡಬೇಕೆಂದಿತು. ಅವನನ್ನು ಮಾರಿದವರ ಮೇಲಿನ ಇನ್ನೊಂದು ದಾವೆಯಲ್ಲಿ 1768ರಲ್ಲಿ 200 ಪೌಂಡ್ ದೊರೆಯಿತು. ಎಡಿನ್‌ಬರೋದಲ್ಲೇ ನೆಲೆಸಿದ ವಿಲಿಯಮ್ಸನ್ ಆ ನಗರದ ಮೊದಲ ವಿಳಾಸಪುಸ್ತಕವನ್ನು 1773ರಲ್ಲಿ ಅಚ್ಚು ಹಾಕಿಸಿದ, ಒಂದು ಪೆನ್ನಿಯ ಅಂಚೆಯನ್ನೂ ನಡೆಸಿದ. ಅವನೊಂದಿಗೆ ಮಾರಾಟವಾದ ಉಳಿದ ಮಕ್ಕಳ ಪರವಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ.

ಬಿಳಿಯ ಮಕ್ಕಳ ಈ ಕಥೆಯನ್ನು ಆಫ್ರಿಕದ ಗುಲಾಮರ ವ್ಯಾಪಾರದ ಪಕ್ಕ ಇಟ್ಟು ನೋಡುವಾಗ ಅಳತೆ ತಪ್ಪಬಾರದು. ಕರಾರಿನ ಆಳಿಗೆ ಒಂದು ದಿನ ಬಿಡುಗಡೆಯಿತ್ತು, ಅವನ ಮಕ್ಕಳು ಸ್ವತಂತ್ರರು. ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದ ಸುಮಾರು 1.25 ಕೋಟಿ ಆಫ್ರಿಕನ್ನರಿಗೆ ಅಂಥ ದಿನವೇ ಇರಲಿಲ್ಲ. ಅವರ ಗುಲಾಮಗಿರಿ ಹುಟ್ಟುವ ಮಕ್ಕಳಿಗೂ ಅಂಟುತ್ತಿತ್ತು. ಅವರಲ್ಲಿ ಎಷ್ಟೋ ಮಂದಿ ಕಳ್ಳರ ಕೈಗೆ ಸಿಕ್ಕವರು. ಓಲಾಡಾ ಎಕ್ವಿಯಾನೋ 1789ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತನ್ನನ್ನೂ ಸೋದರಿಯನ್ನೂ ಹಾಗೆ ಎತ್ತಿಕೊಂಡು ಹೋದದ್ದನ್ನು ಹೇಳಿದ್ದಾನೆ. ಆದರೂ ಅಂದಿನ ಇಂಗ್ಲಿಷ್ ಕಾನೂನು ಅದನ್ನು ಕಿಡ್ನ್ಯಾಪ್ ಎನ್ನದೆ ವ್ಯಾಪಾರ ಎಂದಿತು. ಅಮೆರಿಕದಲ್ಲಿ ಸ್ವತಂತ್ರರಾಗಿದ್ದ ಕರಿಯರನ್ನು ಹಿಡಿದು ದಕ್ಷಿಣಕ್ಕೆ ಮಾರಿದಾಗ ಮಾತ್ರ ಆ ಪದ ಬಳಕೆಗೆ ಬರುತ್ತಿತ್ತು. ನ್ಯೂಯಾರ್ಕಿನ ಸಾಲಮನ್ ನಾರ್ಥಪ್ ಅಂಥವನೊಬ್ಬ. 1841ರಲ್ಲಿ ಪಿಟೀಲು ನುಡಿಸುವ ಕೆಲಸದ ಆಸೆ ತೋರಿಸಿ ಅವನನ್ನು ವಾಷಿಂಗ್ಟನ್ನಿಗೆ ಕರೆದೊಯ್ದು ಮಾರಿದರು. ಲೂಸಿಯಾನದ ತೋಟಗಳಿಂದ ಅವನು ಬಿಡುಗಡೆಯಾದದ್ದು 1853ರಲ್ಲಿ. ಮಾರಿದವರಿಗೆ ಶಿಕ್ಷೆಯಾಗಲಿಲ್ಲ.

ಪದವು ಕಾನೂನಿನೊಳಗೆ ಬಂದದ್ದೂ ಹಡಗಿನ ನೆನಪನ್ನು ಹೊತ್ತುಕೊಂಡೇ. 1769ರಲ್ಲಿ ವಿಲಿಯಂ ಬ್ಲ್ಯಾಕ್‌ಸ್ಟೋನ್ ಇಂಗ್ಲಿಷ್ ಕಾನೂನಿನ ಮೇಲಿನ ತನ್ನ ಗ್ರಂಥದ ನಾಲ್ಕನೆಯ ಸಂಪುಟದಲ್ಲಿ ಕಿಡ್ನ್ಯಾಪಿಂಗನ್ನು ವಿವರಿಸುವಾಗ, ಒಬ್ಬರನ್ನು ಸ್ವದೇಶದಿಂದ ಕದ್ದು ಪರದೇಶಕ್ಕೆ ಕಳಿಸುವುದನ್ನೇ ಅದರ ತಿರುಳಾಗಿ ಹೇಳಿದ. ಇದೇ ತಿಳಿವಳಿಕೆ ಭಾರತಕ್ಕೆ ಬಂತು. ಇಲ್ಲಿಯೂ ಹಡಗುಗಳಿದ್ದವು. ಹದಿನೆಂಟನೆಯ ಶತಮಾನದ ಬಂಗಾಳದಿಂದ ಮಕ್ಕಳನ್ನು ಕೊಂಡು, ಕದ್ದು, ಹೊರದೇಶಗಳಿಗೆ ಗುಲಾಮರಾಗಿ ಮಾರುವ ವ್ಯಾಪಾರ ನಡೆಯುತ್ತಿತ್ತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1789ರಲ್ಲಿ ಇದನ್ನು ನಿಷೇಧಿಸಿ ಘೋಷಣೆ ಹೊರಡಿಸಿದ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ, 1834ರಿಂದ, ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಭಾರತದ ಕೂಲಿಗಳು ಕರಾರಿನ ಮೇಲೆ ಹೋಗತೊಡಗಿದರು. ಹಳ್ಳಿಗಳಲ್ಲಿ ಜನರನ್ನು ಹಿಡಿದು ಕೊಡುವ ದಲ್ಲಾಳಿಗೆ ಉತ್ತರ ಭಾರತದಲ್ಲಿ ‘ಅರಕಾಟಿ’ ಎಂಬ ಹೆಸರು ಬಿತ್ತು. ಲಂಡನ್ನಿನ ಸ್ಪಿರಿಟ್ ಮಾಡಿದ್ದನ್ನೇ ಇವನೂ ಮಾಡಿದ. ಸಮುದ್ರ ದಾಟಬೇಕೆಂದು ಹೇಳದೆ ಕಲ್ಕತ್ತೆಯಲ್ಲಿ ಕೆಲಸ ಎಂದ, ತಲೆಗಿಷ್ಟು ಎಂದು ಹಣ ಪಡೆದ. ಮೋಸ, ಬಲವಂತಗಳ ದೂರು ಎಷ್ಟು ಹೆಚ್ಚಿತೆಂದರೆ 1838ರಲ್ಲಿ ಕಲ್ಕತ್ತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಮರುವರ್ಷ ಕೂಲಿಗಳ ರಫ್ತನ್ನು ನಿಲ್ಲಿಸಬೇಕಾಯಿತು. ತೋಟದ ಮಾಲೀಕರ ಒತ್ತಡಕ್ಕೆ ಮಣಿದು 1842ರಲ್ಲಿ ಮಾರಿಷಸ್ಸಿನ ಬಾಗಿಲು ಮತ್ತೆ ತೆರೆಯಿತು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಡೆದ ಈ ಪದ್ಧತಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆಗೆ ಹೋದರು.

ಮೆಕಾಲೆಯ ನೇತೃತ್ವದ ಕಾನೂನು ಆಯೋಗ ಭಾರತೀಯ ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸಿದ್ದು ಇದೇ ಕಾಲದಲ್ಲಿ, 1837ರಲ್ಲಿ. 1860ರಲ್ಲಿ ಕಾಯ್ದೆಯಾಗಿ 1862ರ ಜನವರಿ 1ರಂದು ಜಾರಿಗೆ ಬಂದ ಸಂಹಿತೆ ಕಿಡ್ನ್ಯಾಪಿಂಗಿನಲ್ಲಿ ಎರಡು ಬಗೆಯನ್ನು ಹೇಳಿತು. ಮೊದಲನೆಯದು, 360ನೆಯ ಕಲಮಿನಂತೆ, ಒಪ್ಪಿಗೆಯಿಲ್ಲದೆ ಒಬ್ಬರನ್ನು ದೇಶದ ಗಡಿಯಾಚೆಗೆ ಸಾಗಿಸುವುದು. ಇದು ಬಂದರಿನ ಅಪರಾಧ. ಎರಡನೆಯದು, 361ನೆಯ ಕಲಮಿನದು, ಅಪ್ರಾಪ್ತರನ್ನು ಕಾನೂನುಬದ್ಧ ಪೋಷಕರ ವಶದಿಂದ ಕರೆದೊಯ್ಯುವುದು ಅಥವಾ ಪುಸಲಾಯಿಸಿ ಒಯ್ಯುವುದು. ಇದು ಮನೆಯ ಅಪರಾಧ. ಇಲ್ಲಿ ಮಗು ಒಪ್ಪಿತೇ ಇಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪೋಷಕರ ಒಪ್ಪಿಗೆಯಷ್ಟೇ ಲೆಕ್ಕಕ್ಕೆ. ಬಲ ಅಥವಾ ಮೋಸದಿಂದ ಯಾರನ್ನಾದರೂ ಒಂದೆಡೆಯಿಂದ ಒಯ್ಯುವುದಕ್ಕೆ 362ನೆಯ ಕಲಮಿನಲ್ಲಿ ‘ಅಬ್ಡಕ್ಷನ್’ ಎಂಬ ಬೇರೆಯೇ ಹೆಸರಿತ್ತು. ಅದಷ್ಟಕ್ಕೇ ಶಿಕ್ಷೆಯಿಲ್ಲ, ಕೊಲೆ, ಸೆರೆ, ಬಲವಂತದ ಮದುವೆಯಂಥ ಉದ್ದೇಶ ಸೇರಿದರೆ ಶಿಕ್ಷೆ. ಪೋಷಕರ ವಶದ ಕಲಮಿಗೆ ಮೊದಲು ಗಂಡುಮಕ್ಕಳಿಗೆ 14, ಹೆಣ್ಣುಮಕ್ಕಳಿಗೆ 16 ವರ್ಷದ ಮಿತಿಯಿತ್ತು. 1949ರ ತಿದ್ದುಪಡಿಯಲ್ಲಿ ಅದು 16 ಮತ್ತು 18 ಆಯಿತು.

ಕನ್ನಡದ ಪತ್ರಿಕೆ, ಪೊಲೀಸ್ ಠಾಣೆ, ಸಿನಿಮಾಗಳು ಈ ಎಲ್ಲ ಬಗೆಗಳನ್ನೂ ‘ಅಪಹರಣ’ ಎಂಬ ಒಂದೇ ಪದದಲ್ಲಿ ಹೇಳುತ್ತವೆ. ಅದರ ಮೂಲವಾದ ‘ಹರಣ’ಕ್ಕೆ ಒಯ್ಯುವುದು ಎಂದಷ್ಟೇ ಅರ್ಥ. ಸೀತೆಯನ್ನು ರಾವಣ ಒಯ್ದದ್ದೂ ಹರಣವೇ, ತಾನೇ ಓಲೆ ಕಳಿಸಿದ ರುಕ್ಮಿಣಿಯನ್ನು ಕೃಷ್ಣ ಕರೆದೊಯ್ದದ್ದೂ ಹರಣವೇ. ಅಪಹರಣವಂತೂ ಹಣ, ಒಡವೆಗಳಿಗೂ ಸಲ್ಲುತ್ತದೆ. ಹಳಗನ್ನಡದ ವೀರಗಲ್ಲುಗಳಲ್ಲಿ ಬೇರೆ ಮಾತುಗಳಿವೆ. ದನಗಳನ್ನು ಹಿಡಿದೊಯ್ಯುವುದು ‘ತುರುಗೊಳ್’, ಹಗೆಗಳ ಕೈಗೆ ಸಿಕ್ಕ ಹೆಂಗಸರ ಮೊರೆ ‘ಪೆಣ್ಬುಯಲ್’. ಈ ಎರಡನೆಯ ಮಾತು ಒಯ್ದವನನ್ನು ಬಿಟ್ಟು ಒಯ್ಯಲ್ಪಟ್ಟವಳ ಕೂಗನ್ನು ಹಿಡಿದಿಟ್ಟಿದೆ. ಆ ಕೂಗಿಗೆ ಓಡಿಬಂದು ಕಾದಾಡಿ ಸತ್ತವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು. ಮಾನವೀಯತೆಯ ದೃಷ್ಟಿಯಿಂದ ನೋಡಿದರೆ ಇದು ಕಿಡ್ನ್ಯಾಪಿಗಿಂತ ದೊಡ್ಡ ಪದ.

ಒಪ್ಪಿ ಹೋದವಳೇ, ಒಯ್ಯಲ್ಪಟ್ಟವಳೇ ಎಂಬುದು ಇಂದಿನ ನ್ಯಾಯಾಲಯಗಳಲ್ಲೂ ಬಗೆಹರಿಯಬೇಕಾದ ಪ್ರಶ್ನೆ. ಪ್ರೀತಿಸಿ ಮನೆಬಿಟ್ಟ ಹುಡುಗಿಯ ತಂದೆ ಠಾಣೆಗೆ ಹೋದರೆ ದಾಖಲಾಗುವುದು ಅಪಹರಣದ ಪ್ರಕರಣವೇ. ಮದ್ರಾಸಿನ ವರದರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಒಂದು ಗೆರೆ ಎಳೆಯಿತು. ಹದಿನೆಂಟರ ಹೊಸ್ತಿಲಲ್ಲಿದ್ದ, ತಿಳಿವಳಿಕೆಯುಳ್ಳ ಹುಡುಗಿ ತಾನಾಗಿಯೇ ಮನೆಬಿಟ್ಟು ಬಂದಾಗ ಅವಳ ಜೊತೆ ಹೋದದ್ದು ‘ಕರೆದೊಯ್ದದ್ದು’ ಆಗದು ಎಂದಿತು. ದೂರು ದಾಖಲಿಸುವ ಹಂತದಲ್ಲಿ ಈ ಗೆರೆಯನ್ನು ಗಮನಿಸುವವರು ಕಡಿಮೆ.

ಒತ್ತೆಹಣದ ಅರ್ಥ ಮುಂದೆ ಬಂದದ್ದು ಅಮೆರಿಕದಿಂದ. 1874ರ ಜುಲೈ 1ರಂದು ಫಿಲಡೆಲ್ಫಿಯಾದಲ್ಲಿ ನಾಲ್ಕು ವರ್ಷದ ಚಾರ್ಲಿ ರಾಸ್‌ನನ್ನು ಮಿಠಾಯಿ, ಪಟಾಕಿಗಳ ಆಸೆ ತೋರಿಸಿ ಒಯ್ದವರು 20,000 ಡಾಲರ್ ಕೇಳಿದರು. ಮಗು ಮತ್ತೆ ಸಿಗಲೇ ಇಲ್ಲ. 1932ರಲ್ಲಿ ವಿಮಾನವೀರ ಲಿಂಡ್‌ಬರ್ಗನ ಹಸುಳೆಯನ್ನು ಒಯ್ದಾಗ 50,000 ಡಾಲರ್ ಕೊಟ್ಟರೂ ದೊರೆತದ್ದು ಶವ. ಅದೇ ವರ್ಷ ಅಮೆರಿಕದಲ್ಲಿ ಕಿಡ್ನ್ಯಾಪಿಂಗ್ ಒಕ್ಕೂಟ ಸರ್ಕಾರದ ಕಾನೂನಿನಡಿ ಅಪರಾಧವಾಯಿತು. ಭಾರತದ ಸಂಹಿತೆಗೆ ಒತ್ತೆಹಣದ ಕಲಮು, 364ಎ, ಸೇರಿದ್ದು 1993ರಲ್ಲಿ. ಕನ್ನಡಿಗರಿಗೆ ಕಿಡ್ನ್ಯಾಪ್ ಎಂಬ ಪದ ಮನೆಮಾತಾದದ್ದು 2000ದ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ಗಾಜನೂರಿನಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ಕಾಡಿಗೆ ಒಯ್ದಾಗ. ಅವರು ಬಿಡುಗಡೆಯಾದದ್ದು 108 ದಿನಗಳ ಬಳಿಕ. ಎರಡು ವರ್ಷದ ನಂತರ ಅದೇ ವೀರಪ್ಪನ್ ಒಯ್ದ ಮಾಜಿ ಸಚಿವ ಎಚ್. ನಾಗಪ್ಪ ಜೀವಂತ ಮರಳಲಿಲ್ಲ.

ಸಿರಿವಂತರ, ಹೆಸರುವಾಸಿಗಳ ಇಂಥ ಪ್ರಕರಣಗಳು ಪದದ ಹಳೆಯ ಅರ್ಥವನ್ನು ಮರೆಮಾಡಿವೆ. ಭಿಕ್ಷೆಗೆ, ಮನೆಗೆಲಸಕ್ಕೆ, ಕಾರ್ಖಾನೆಗೆ, ಲೈಂಗಿಕ ದಂಧೆಗೆ ಮಕ್ಕಳನ್ನು ಒಯ್ಯುವುದು ನಿಂತಿಲ್ಲ. ಭಿಕ್ಷೆಗಾಗಿ ಮಕ್ಕಳನ್ನು ಕದಿಯುವವರಿಗೆಂದೇ 1959ರಲ್ಲಿ 363ಎ ಕಲಮನ್ನು ಸೇರಿಸಬೇಕಾಯಿತು. ಇನ್ನೊಂದು ಕಡೆ ‘ಮಕ್ಕಳ ಕಳ್ಳ’ ಎಂಬ ಮಾತಿನ ಭಯವೇ ಕೊಲೆಗಾರನಾಗಿದೆ. 2018ರಲ್ಲಿ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪುಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ನಿರಪರಾಧಿಗಳನ್ನು ಹೊಡೆದು ಕೊಂದವು. ಮಕ್ಕಳನ್ನು ಒಯ್ಯುವವರು ಬಹಳ ಸಲ ಅಪರಿಚಿತರೂ ಅಲ್ಲ. ಕೆಲಸ ಕೊಡಿಸುತ್ತೇನೆ ಎಂದು ಬರುವ ಪರಿಚಯದ ದಲ್ಲಾಳಿಗಳು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 137ನೆಯ ಕಲಮು ಹಳೆಯ ಎರಡು ಬಗೆಗಳನ್ನೂ ಉಳಿಸಿಕೊಂಡಿದೆ. ಗಂಡು ಹೆಣ್ಣಿನ ವಯೋಭೇದ ಹೋಗಿ, 18 ತುಂಬದ ಎಲ್ಲರೂ ಮಕ್ಕಳೇ ಎಂದಾಗಿದೆ. ಅದಕ್ಕೂ ಮೊದಲೇ, 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಆದೇಶ ಕೊಟ್ಟಿದೆ. ಮಗು ಕಾಣೆಯಾದ ದೂರು ಬಂದೊಡನೆ ಪೊಲೀಸರು ಎಫ್‌ಐಆರ್ ದಾಖಲಿಸಬೇಕು, ಬೇರೆ ಕಾರಣ ತಿಳಿಯುವವರೆಗೆ ಅದನ್ನು ಅಪಹರಣ ಅಥವಾ ಮಾನವ ಕಳ್ಳಸಾಗಣೆ ಎಂದೇ ಭಾವಿಸಿ ತನಿಖೆ ನಡೆಸಬೇಕು. ‘ಎರಡು ದಿನ ನೋಡೋಣ, ಬರುತ್ತಾನೆ’ ಎಂದು ಠಾಣೆಯಿಂದ ವಾಪಸು ಕಳಿಸಿದರೆ ಹೆತ್ತವರು ಈ ಆದೇಶವನ್ನು ಮುಂದಿಟ್ಟು ಕೇಳಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ಕೂಡಲೇ ಕರೆ ಮಾಡಬೇಕು.